ನವಣೆ ಕುಟ್ಟುವ ಒನಕೆ

೧೯೪೮ರ ಬೇಸಿಗೆಯ ಒಂದು ಮಧ್ಯಾಹ್ನ ನಾನು ಮಲ್ಲಟದ ನಮ್ಮ ಅಡುಗೆಮನೆಯೊಳಗೆ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಜೊತೆಗೆ ಅಜ್ಜಿ, ಅವ್ವ, ಐದು ವರ್ಷದ ತಂಗಿ ಇದ್ದರು. ಊರ ಮೇಲೆ ಕತ್ತಿ ಹಿಡಿದು ದಾಳಿಗೆ ಬಂದ ಗುಂಪಿನವರು ಅಂಗಳದಲ್ಲಿ ಅಪ್ಪನನ್ನು ಕಡಿದರು. ಆಮೇಲೆ ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆಂಕಿಯಿಟ್ಟರು.

ಎಪ್ಪತ್ತು ದಾಟಿದ್ದ ಅಜ್ಜಿ ದಿನವೂ ನಸುಕಿನಲ್ಲಿ ಒನಕೆ ಹಿಡಿದು ನವಣೆ ಕುಟ್ಟುತ್ತಿದ್ದಳು.

“ಈ ವಯಸ್ಸಿಗೆ ಸಾಕು ಬಿಡ್ರಿ ಅತ್ತಿ” ಎಂದು ಅವ್ವ ಅಂದರೆ, “ಕುಂತ್ರ ನಾಳಿ ನನ್ನ ನೀನೇ ಹೊರಬೇಕಾಗ್ತದ” ಎನ್ನುತ್ತಿದ್ದಳು.

ಅಂದು ಅದೇ ಒನಕೆಯಿಂದ ಮಣ್ಣಿನ ಹಿಂಗೋಡೆಯನ್ನು ಗುದ್ದಿ ಒಡೆದಳು. ಹೊಗೆಗೆ ಎಚ್ಚರ ತಪ್ಪಿದ ಅವ್ವನನ್ನು ಹೆಗಲಿಗೇರಿಸಿ ಹೊರಬಂದಳು. ನಾನು ತಂಗಿಯ ಕೈ ಹಿಡಿದು ಹಿಂದೆ ನಡೆದೆ.

ಇದನ್ನು ಕಂಡವರಲ್ಲಿ ನನ್ನ ಹೊರತು ಬದುಕಿರುವವಳು ಆ ತಂಗಿಯೊಬ್ಬಳೇ. ಅವಳಿಗೂ ಈಗ ಎಪ್ಪತ್ತು ದಾಟಿದೆ. ಅವಳೂ ನಸುಕಿನಲ್ಲಿ ಸುಮ್ಮನೆ ಕೂರುವುದಿಲ್ಲ.