ಗೋಲಿಗೆ ಅಡ್ಡ ನಿಂತ ದೇವರು

ನನಗೆ ಒಬ್ಬ ಗಂಡಸಿನ ಮೇಲೆ ವಿಪರೀತ ಕೋಪ ಬಂದಿದೆ. ಆತನನ್ನು ನಾನು ಕಂಡಿಲ್ಲ. ನಮ್ಮ ಶಿಡ್ಲಘಟ್ಟ ಎಲ್ಲಿದೆಯೆಂದು ಆತನಿಗೂ ಗೊತ್ತಿರಲಾರದು. ದಕ್ಷಿಣ ಅಮೆರಿಕದವನು, ಫುಟ್‌ಬಾಲ್ ಬಿಟ್ಟು ಎಷ್ಟೋ ವರ್ಷವಾಗಿ ಈಗ ಹೊಟ್ಟೆ ಬಂದಿದೆ. ಆದರೂ ನಮ್ಮೂರ ಹುಡುಗರು ದಿನಾ ಇಂಟರ್ನೆಟ್ ಸೆಂಟರಿಗೆ ಹೋಗಿ, ಆತನ ಫ್ಯಾನ್ ಪೇಜಿನಲ್ಲಿ ‘ಯು ಆರ್ ಗಾಡ್’ ಎಂದು ಬರೆದು ಬರುತ್ತಾರೆ. ಸ್ಪೆಲಿಂಗ್ ಬಗ್ಗೆ ನಾನು ಮಾತಾಡುವುದಿಲ್ಲ.

ಕಾನ್ವೆಂಟಿನಲ್ಲಿ ಓದುವಾಗ ನಾವೂ ಭಕ್ತರೇ. ಸಂತರ ಪುಟ್ಟ ಕಾರ್ಡುಗಳನ್ನು ಗ್ರಾಮರ್ ಪುಸ್ತಕದೊಳಗೆ ಇಟ್ಟುಕೊಂಡು, ಮನೆಗೆ ಬಂದು ಅಮ್ಮನ ಗೌರಿಗೂ ಕೈಮುಗಿಯುತ್ತಿದ್ದೆವು. ಆದರೆ ಅಲ್ಲಿ ಮೊಣಕಾಲೂರಿ ಕಾಲು ಜೋಮು ಹಿಡಿಯಬೇಕಿತ್ತು, ಇಲ್ಲಿ ಚಳಿಯಲ್ಲಿ ಹೂ ಕೊಯ್ಯಬೇಕಿತ್ತು. ಭಕ್ತಿಯೆಂದರೆ ಸ್ವಲ್ಪ ಮೈನೋವು. ಈ ಮಹಾಭಕ್ತರಿಗೆ ನೋಯುವುದು ತೋರುಬೆರಳೊಂದೇ. ಚೆಂಡು ಒದ್ದವರನ್ನಂತೂ ಅವರಲ್ಲಿ ನಾನು ಕಂಡಿಲ್ಲ.

ಹಾರ್ಮ್‌ಲೆಸ್, ಇರಲಿ ಎಂದುಕೊಂಡಿದ್ದೆ. ಈ ವಾರ ಆತನ ಬರ್ತ್‌ಡೇ ಬಂತು. ನಮ್ಮ ಕಡೆ ಬರ್ತ್‌ಡೇ ಎಂದರೆ ಫ್ಲೆಕ್ಸ್: ಮೇಲೆ ದೊಡ್ಡವರ ಮುಖ, ಕೆಳಗೆ ಶುಭ ಕೋರುವವರ ಸಾಲು, ಎಲ್ಲರಿಗೂ ಕೂಲಿಂಗ್ ಗ್ಲಾಸ್. ಫುಟ್‌ಬಾಲ್ ದೇವರಿಗೆ ಮೈದಾನವೇ ಸರಿಯೆಂದು ಅದನ್ನು ಹೈಸ್ಕೂಲ್ ಫೀಲ್ಡಿಗೆ ಹೊತ್ತೊಯ್ದರು. ಕಟ್ಟುವುದಕ್ಕೆ ಅಲ್ಲಿದ್ದದ್ದು ಗೋಲಿನ ಕಂಬಗಳು. ಗೋಲಿನ ಬಾಯಿಗೇ ಅಡ್ಡವಾಗಿ ಬಿಗಿದರು!

ಶನಿವಾರ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಹುಡುಗಿಯರ ತಂಡಕ್ಕೆ ಸೆಲೆಕ್ಷನ್. ನನ್ನ ಮೊಮ್ಮಗಳು ಶ್ವೇತಾ ಅದಕ್ಕಾಗಿ ಊಟ ನಿದ್ದೆ ಬಿಟ್ಟಿದ್ದಾಳೆ. ಆ ಮೈದಾನದಲ್ಲಿರುವುದು ಅದೊಂದೇ ಗೋಲು. ನಿನ್ನೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಕೊಡೆ ಹಿಡಿದು ಅವಳ ಜೊತೆ ಹೊರಟೆ.

ಗುಂಪಿನ ಲೀಡರ್ ಮುನಿರಾಜು ಅಲ್ಲೇ ಬೈಕ್ ಮೇಲೆ ಕೂತಿದ್ದ.

“ಬಿಚ್ಚಪ್ಪ ಅದನ್ನ.”

“ವಾರ ಪೂರ್ತಿ ಇರ್ಬೇಕು ಕಣಜ್ಜಿ. ಫೋಟೋ ತೆಗ್ದು ಹಾಕಿದೀವಿ, ಫಾರಿನ್ನೋರೆಲ್ಲ ನೋಡ್ತಾವ್ರೆ. ದೇವ್ರನ್ನ ಬಿಚ್ಚು ಅಂತೀರಲ್ಲ!”

“ದೇವರು ಗೋಲಿಗೆ ಅಡ್ಡ ನಿಲ್ತಾನೇನೋ, ಈಡಿಯಟ್?”

ನಮ್ಮ ವಾದ ಮುಗಿಯುವವರೆಗೆ ಶ್ವೇತಾ ಕಾಯಲಿಲ್ಲ. ಚೆಂಡಿಟ್ಟು ಒದ್ದಳು. ಅದು ನೇರ ದೇವರ ಹೊಟ್ಟೆಗೆ ಹೋಗಿ ಧಡ್ ಎಂದಿತು.

“ಗೋಲ್!” ಎಂದು ಕೂಗಿದವನು ಸಾಕ್ಷಾತ್ ಮುನಿರಾಜು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಎಲ್ಲಿ ಗೋಲಾಯ್ತಣ್ಣ? ನಿಮ್ ದೇವ್ರೇ ತಡೆದ್ನಲ್ಲ,” ಎಂದಳು ಇವಳು. “ಹಿಂದ್ಗಡೆ ಕಟ್ಟಿ. ಬಲೆ ಇಲ್ದೆ ಬಾಲೆಲ್ಲ ಹಿಪ್ಪುನೇರಳೆ ತೋಟಕ್ಕೆ ಹೋಗ್ತದೆ, ತೋಟದೋರು ಬೈತಾರೆ.”

ಮುನಿರಾಜು ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ನನ್ನ ಕೊಡೆ ನೋಡಿದ. “ಅಯ್ಯೋ ದೇವುಡಾ,” ಎಂದು ಹಗ್ಗಕ್ಕೆ ಕೈ ಹಾಕಿದ.

ಸೆಲೆಕ್ಷನ್ ನಾಳೆ. ನನ್ನ ಕೋಪ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಆದರೆ ಈ ಸಂಜೆ ಕಟ್ಟೆಯ ಮೇಲೆ ಕೂತು ನೋಡಿದೆ. ಶ್ವೇತಾ ಒದೆಯುತ್ತಲೇ ಇದ್ದಳು. ಮುನಿರಾಜು ಗೋಲ್‌ಕೀಪರಾಗಿ ಬಿದ್ದು ಬಿದ್ದು ಮೊಣಕೈ ತರಚಿಕೊಂಡಿದ್ದ. ಅಂತೂ ಭಕ್ತಿ ಮೈಗೆ ಇಳಿದಿತ್ತು. ಅವನ ಹಿಂದೆ ಫ್ಲೆಕ್ಸಿನಲ್ಲಿ ಆ ಮಹಾನುಭಾವ ಹೊಟ್ಟೆಗೆ ಏಟು ತಿನ್ನುತ್ತ ನಗುತ್ತಿದ್ದ. ಪಾಪ, ಆಟ ಬಿಟ್ಟ ಮೇಲೆ ಚೆಂಡನ್ನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲೇನೋ.