ಅಕ್ಕ ಕೂರದ ಸೀಟು

ನನ್ನ ತಮ್ಮನದು ಮೂಡಲಗಿಯಲ್ಲಿ ಬೆಲ್ಲದ ಅಂಗಡಿ. ಮನೆ ಮಾತ್ರ ಮೇಲವಂಕಿಯಲ್ಲಿ, ನಮ್ಮೆಲ್ಲರದೂ ಒಂದೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ ಅವನೊಂದು ದೊಡ್ಡ ಗಾಡಿ ತಂದ. ಅಲ್ಲಿಯವರೆಗೆ ನಮ್ಮ ಕಡೆ ದೊಡ್ಡ ಗಾಡಿ ಎಂದರೆ ಜನ ಜೋತುಬೀಳುವ ಜೀಪು. ಇದು ಎತ್ತರದಲ್ಲಿ ಜೀಪಿನಂತೆ, ಒಳಗೆ ಮದುವೆಮನೆಯ ಬೈಠಕ್ಕಿನಂತೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ, ತಾನೇ ಬದಲಾಗುವ ಗೇರು, ಹಿಂದೆ ಕೂತವರಿಗೂ ತಣ್ಣನೆ ಗಾಳಿ, ಮೇಲ್ಛಾವಣಿಯಲ್ಲಿ ತೆರೆಯುವ ಗಾಜು. ಮೂರು ಸಾಲು ಸೀಟು, ಎಲ್ಲಕ್ಕೂ ಜೇನಿನ ಬಣ್ಣದ ಚರ್ಮ.

ತಮ್ಮ ಗಾಡಿ ಓಡಿಸಿದ. ನಾನು ಅದರ ಜೊತೆ ಬಂದ ಪುಸ್ತಕ ಓದಿದೆ. ನಾನು ಜೈನ ಗುರುಕುಲದಲ್ಲಿ ಬೆಳೆದವನು. ಗಂಟೆ ಹೊಡೆಯುವ ಮೊದಲೇ ಏಳುವುದು, ಹಾಸಿಗೆ ಮಡಚಿಟ್ಟೇ ಮಾತಾಡುವುದು, ದಿನಕ್ಕಿಷ್ಟು ಓದು ಎಂದರೆ ಅಷ್ಟೇ ಓದು. ಬಸದಿಯಿಂದ ಬಂದೊಡನೆ ಗಾಡಿಯ ಸುತ್ತ ಬಂದು ಎಣ್ಣೆ, ನೀರು, ಚಕ್ರದ ಗಾಳಿ ನೋಡುತ್ತಿದ್ದೆ. ಆಮೇಲೆ ಪುಸ್ತಕದ ಒಂದು ಅಧ್ಯಾಯ.

"ಅಣ್ಣಾ, ಅದೇನ್ ಶಾಸ್ತ್ರ ಐತೇನು, ದಿನಾ ಓದಾಕ?" ಎಂದು ತಮ್ಮ ನಗುತ್ತಿದ್ದ.

"ಹಾರ್ನ್ ಒಂದ್ ಬಿಟ್ರ ನಿನಗೇನ್ ಗೊತ್ತೈತಿ ಇದರಾಗ?" ಎನ್ನುತ್ತಿದ್ದೆ.

ಭಾದ್ರಪದದ ಹತ್ತು ದಿನದ ಪರ್ವ ಬಂತು. ಹುಕ್ಕೇರಿ ತಾಲ್ಲೂಕಿನ ದಡ್ಡಿಗೆ ಕೊಟ್ಟ ನಮ್ಮ ಅಕ್ಕ ಆಗಲೇ ಅರವತ್ತು ದಾಟಿದ್ದಳು. ಪರ್ವದುದ್ದಕ್ಕೂ ಒಪ್ಪತ್ತಿನ ಊಟ. ಕೊನೆಯ ದಿನ ಹನಿ ನೀರೂ ಇಲ್ಲದ ಉಪವಾಸ. ಮರುದಿನ ಉಪವಾಸ ಬಿಡುವ ಪಾರಣೆಯನ್ನು ತವರಿನ ಬಾವಿಯ ನೀರಿನಿಂದಲೇ ಮಾಡುವುದಾಗಿ ಆ ಸಲ ಬಸದಿಯಲ್ಲಿ ನಿಂತು ನೇಮ ಹಿಡಿದಿದ್ದಳು. ನೀರನ್ನು ನಾವೇ ಅಲ್ಲಿಗೆ ಒಯ್ಯುವಂತಿರಲಿಲ್ಲ. ಬಟ್ಟೆಯಲ್ಲಿ ಸೋಸಿದ ನೀರಿನ ಶುದ್ಧಿ ನಮ್ಮಲ್ಲಿ ಎರಡು ಗಳಿಗೆ, ಮುಕ್ಕಾಲು ತಾಸು ಮಾತ್ರ. ಹೊತ್ತು ಮುಳುಗಿದ ಮೇಲಂತೂ ಏನನ್ನೂ ಬಾಯಿಗೆ ಹಾಕುವಂತಿಲ್ಲ.

ಪಾರಣೆಯ ದಿನ ಬೆಳಗಿನ ಬಸ್ಸಿಗೆ ಅವಳು ಬರಬೇಕಿತ್ತು. ಬರಲಿಲ್ಲ. ಮಳೆಗೆ ಆ ಕಡೆಯ ಬಸ್ಸುಗಳೆಲ್ಲ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಭಾವ ಫೋನ್ ಮಾಡಿದರು.

"ನಾಲಿಗಿ ಒಣಗಿ ಮಾತು ಹೊರಡವಲ್ದು. ಇಲ್ಲೇ ಕುಡಿ ಅಂದ್ರ ಕೇಳವಲ್ಲಳು. ಇನ್ನೊಂದ್ ರಾತ್ರಿ ಹಿಂಗ ಕಳದ್ರ ನನಗ ಅಂಜಿಕಿ ಐತಿ."

ಇಬ್ಬರೂ ಗಾಡಿ ಹತ್ತಿದೆವು. ರಸ್ತೆ ಎಂಬುದು ತಗ್ಗುಗಳ ಸಾಲಾಗಿತ್ತು, ಆದರೂ ನನ್ನ ಕೈಯಲ್ಲಿದ್ದ ಪುಸ್ತಕದ ಅಕ್ಷರ ಅಲುಗಲಿಲ್ಲ. ಲಾರಿಯನ್ನು ಹಿಂದೆ ಹಾಕಲು ತಮ್ಮ ಕಾಲು ಒತ್ತಿದರೆ ಗಾಡಿ ಗದ್ದಲವಿಲ್ಲದೆ ಮುಂದಿರುತ್ತಿತ್ತು. ನೆನೆಸಿದ್ದಕ್ಕಿಂತ ಬೇಗ ದಡ್ಡಿ ಮುಟ್ಟಿದೆವು.

ಅಕ್ಕ ಭಾವನ ತೋಳು ಹಿಡಿದು ಬಂದಳು. ತಮ್ಮ ಬಾಗಿಲು ತೆಗೆದ. ಅವಳು ಮೂಗೇರಿಸಿ ನಿಂತಳು. ಒಣಗಿದ ನಾಲಿಗೆಗೂ ಮಾತು ಬಂತು.

"ಇದು ಚರ್ಮ ಅಲ್ಲೇನೋ?"

"ಕಂಪನಿಯವರು ಹಾಕಿದ್ದು, ಅಕ್ಕಾ."

"ಹಾಕಲಿ. ಪಾರಣಿ ಆಗೂತನಕ ನಾ ಇದರ ಮ್ಯಾಲ ಕೂಡಂಗಿಲ್ಲ."

"ಜಮಖಾನ ಹಾಸ್ತೇನಿ."

"ಜಮಖಾನದ ಬುಡಕ ಏನಿರತೈತಿ, ಮಲ್ಲಿಗಿ ಹೂವೇನು?"

ಗಾಡಿ ಕೊಳ್ಳುವಾಗ ತಮ್ಮ ಬಣ್ಣ ನೋಡಿದ್ದ, ಮುಹೂರ್ತ ನೋಡಿದ್ದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದ. ಚರ್ಮದ ಬೆಲ್ಟು ಬಿಚ್ಚಿಟ್ಟು ಬಸದಿಯೊಳಗೆ ಹೋಗುವ ಮಂದಿ ನಾವು. ಅಷ್ಟು ದಿನ ಚರ್ಮದ ಮೇಲೆ ಕೂತೇ ಬಸದಿಯ ಬಾಗಿಲಿಗೆ ಬಂದಿಳಿಯುತ್ತಿದ್ದೆವು. ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನಾನು ಹಿಂದಿನ ಬಾಗಿಲೆತ್ತಿ ಪಟ್ಟಿ ಎಳೆದೆ. ಕೊನೆಯ ಸಾಲು ನೆಲದೊಳಗೆ ಮಡಚಿಹೋಯಿತು. ಬದಿಯ ಹಿಡಿಕೆ ಎತ್ತಿದೆ. ನಡುವಿನ ಸಾಲು ಮಗುಚಿ ಮುಂದಿನ ಸೀಟಿಗೆ ಅಂಟಿ ನಿಂತಿತು. ಬಟ್ಟೆ ಹೊದಿಸಿದ ಸಪಾಟು ನೆಲ, ಅದರ ನೆತ್ತಿಗೆ ಸರಿಯಾಗಿ ಗಾಜಿನ ಛಾವಣಿ. ತಮ್ಮ ಬಾಯಿ ತೆರೆದು ನೋಡಿದ. ಅಕ್ಕ ನೆಲ ಮುಟ್ಟಿ ನೋಡಿ, ಚಾಪೆ ಹಾಸಿಸಿಕೊಂಡು ಕೂತಳು. ಭಾವನೂ ಪಕ್ಕದಲ್ಲಿ ಕೂತು ಅವಳನ್ನು ಆನಿಸಿಕೊಂಡರು.

"ಇಷ್ಟೆಲ್ಲಾ ಮಾಡಿ ಕಡೀಕ ಅಪ್ಪನ ಸವಾರಿ ಬಂಡಿನ ತಂದೀರಿ," ಎಂದಳು.

ಹುಕ್ಕೇರಿ ದಾಟಿತು. ಧುಪದಾಳದ ಒಡ್ಡಿನ ಮೇಲೆ ಧುಮುಕುವ ನೀರಿನ ಸದ್ದು ಮುಚ್ಚಿದ ಗಾಜಿನೊಳಗೂ ಕೇಳಿತು. ಗೋಕಾಕ ಬಿಟ್ಟು ಸ್ವಲ್ಪ ದೂರಕ್ಕೆ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಹೂತಿತ್ತು. ಹಿಂದೆ ವಾಹನಗಳ ಸಾಲು. ಉಳಿದದ್ದು ಎರೆಹೊಲದ ದಾರಿಯೊಂದೇ. ಅದರ ಬಾಯಲ್ಲೇ ಕಂಬಳಿ ಹೊದ್ದ ಕುರುಬನೊಬ್ಬ ಕುರಿ ನಿಲ್ಲಿಸಿಕೊಂಡಿದ್ದ.

"ಹೊಳ್ಳಸ್ರಿ ಸಾವಕಾರ್ರ. ನಿನ್ನೆ ಇಲ್ಲಿ ಎಮ್ಮಿ ಹುಗದಿತ್ತು. ಅದಕ್ಕರ ನಾಕು ಕಾಲಿದ್ವು."

ತಮ್ಮ ನನ್ನ ಮುಖ ನೋಡಿದ.

"ನಿಂದ್ರಸು," ಎಂದೆ. "ನ್ಯೂಟ್ರಲ್ ಹಾಕು. ಆ ಸಣ್ಣ ಲಿವರ್ ಹಿಂದಕ್ಕ ಎಳಿ. ಈಗ ಲಾಕ್ ಗುಂಡಿ ಒತ್ತು, ಗೇರ್ ಹಾಕು. ಕಾಲು ಹಗುರ ಇಡು, ನಡುವ ನಿಲ್ಲಬ್ಯಾಡ."

"ಇದೆಲ್ಲಾ ಇತ್ತೇನು ಇದರಾಗ?"

"ನೀ ನಗತಿದ್ದ ಶಾಸ್ತ್ರದಾಗ ಐತಿ. ನಡಿ."

ಎಂಜಿನ್ನಿನ ದನಿ ಇಳಿದು ಗಟ್ಟಿಯಾಯಿತು. ವೇಗ ಎತ್ತಿನ ನಡಿಗೆಯಷ್ಟು. ಬಲ ಮಾತ್ರ ಪೂರ್ತಿ. ಒಂದು ಚಕ್ರ ಜಾರಿದರೂ ಉಳಿದವು ಬಿಡದಂತೆ ನಾಲ್ಕನ್ನೂ ಆ ಗುಂಡಿ ಬೆಸೆದಿತ್ತು. ನಡುಹೊಲದಲ್ಲಿ ಎಡಗಡೆ ಕುಸಿಯಿತು, ಕೆಸರು ಬಾಗಿಲಿಗೆ ಬಂತು. ತಮ್ಮ ಒತ್ತಿದ ಕಾಲು ಎತ್ತಲಿಲ್ಲ. ಗಾಡಿ ಒಮ್ಮೆ ನರಳಿ, ಭುಜ ಕೊಟ್ಟು ಎದ್ದಿತು. ಒಡ್ಡು ಹತ್ತಿ ಆಚೆಯ ಡಾಂಬರಿಗೆ ಇಳಿದಾಗ ಹಿಂತಿರುಗಿ ನೋಡಿದೆ. ಕುರುಬ ಕೋಲನ್ನು ತಲೆಯ ಮೇಲೆತ್ತಿ ನಿಂತಿದ್ದ.

ಮೇಲವಂಕಿಯ ಮನೆಯ ಮುಂದೆ ನಿಂತಾಗ ಮೋಡದ ಕೆಳಗಿನಿಂದ ಹೊತ್ತು ಇನ್ನೂ ಇಣುಕುತ್ತಿತ್ತು. ನನ್ನ ಹೆಂಡತಿ ಬಾವಿಯಿಂದ ಕೊಡ ಎತ್ತಿ ಸೋಸಿದಳು. ತಮ್ಮ ತಂಬಿಗೆಗೆ ಕೈ ಚಾಚಿದ.

"ಮೊದಲ ಕೈ ತೊಳಕೊ," ಎಂದಳು ಅಕ್ಕ, ಬತ್ತಿದ ದನಿಯಲ್ಲೇ. "ಆ ಸ್ಟೇರಿಂಗಿಗೂ ಚರ್ಮ ಸುತ್ತೇತಿ, ನೋಡೇನಿ ನಾ."

ಅವನು ತೊಳೆದುಕೊಂಡು ನೀರು ಹಾಕಿದ. ಬೊಗಸೆಯೊಡ್ಡಿ ಕುಡಿದಳು, ಮತ್ತೆ ಒಡ್ಡಿದಳು. ಅವಳ ಮುಖಕ್ಕೆ ಕಳೆ ಬರುವುದನ್ನು ಅಂಗಳದ ತುಂಬ ನಿಂತು ನೋಡಿದೆವು. ಗಂಜಿ ಮುಗಿಸಿ ಬಾಯಿ ಒರೆಸಿಕೊಂಡ ಮೇಲೆ ಹೊತ್ತು ಮುಳುಗಿತು.

ಕಿಟಕಿಯವರೆಗೆ ಕರಿಮಣ್ಣು ಮೆತ್ತಿಕೊಂಡಿದ್ದ ಗಾಡಿಯನ್ನು ಅವಳು ಕಟ್ಟೆಯ ಮೇಲೆ ಕೂತೇ ನೋಡಿದಳು.

"ಛಲೋ ಐತಿ ತಮ್ಮಾ ನಿನ್ನ ಗಾಡಿ. ಬೆಳಕಿಂಡಿ ಇಟ್ಟಾರ. ಹೊತ್ತು ಎಷ್ಟೈತಿ ಅಂತ ನೋಡ್ಕೋತ ಬಂದೆ, ಜೀವ ಗಟ್ಟಿ ಇತ್ತು. ಸೀಟಷ್ಟ ಬಿಚ್ಚಿಸಿ ಬಟ್ಟಿ ಹಾಕಸು."

ಹಾಕಿಸಿದ. ಆದರೂ ಅಕ್ಕ ಬಂದಾಗಲೆಲ್ಲ ಸೀಟು ಮಡಚಿಸಿ ಚಾಪೆಯನ್ನೇ ಹಾಸಿಸಿಕೊಂಡಳು.