ಸ್ಪೋರ್ಟ್ಸ್ ಗಾಡಿಯ ನಡುವಿನ ಜಾಗ

ಮೊನ್ನೆ ನನ್ನ ತಮ್ಮನ ಮಗ ವಿನಯ ಹೊಸ ಕಾರು ತೋರಿಸಲೆಂದು ಹಾವೇರಿಯ ನಮ್ಮ ಮನೆಗೆ ಬಂದ. ಕಾರಿನ ಬಾಗಿಲು ತೆಗೆದೊಡನೆ ಹೊಸ ರೆಕ್ಸಿನ್ನಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹೊರಗಿನಿಂದ ನೋಡಿದರೆ ಎದುರುಮನೆಯವರ ಕಾರಿನಂತೆಯೇ ಇತ್ತು. ಅದೇ ನಾಲ್ಕು ಬಾಗಿಲು, ಅದೇ ಡಿಕ್ಕಿ. ಆದರೆ ಇದರ ಡಿಕ್ಕಿಯ ಮೇಲೆ ಒಂದು ಕರಿಯ ಹಲಗೆ, ಸೀಟಿಗೆ ಕೆಂಪು ದಾರದ ಹೊಲಿಗೆ, ಹಿಂದೆ ಬೆಳ್ಳಿಯಂತೆ ಹೊಳೆಯುವ ‘ಸ್ಪೋರ್ಟ್’ ಎಂಬ ಅಕ್ಷರ. “ಇದು ಸ್ಪೋರ್ಟ್ಸ್ ಮಾಡೆಲ್ ಅತ್ತಿ” ಎಂದ. ನಾನು ಒಂದು ಕಾಲು ಒಳಗಿಟ್ಟವಳು ಅಲ್ಲೇ ನಿಂತೆ.

ನಿಮಗೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಕಾರು ಬಿಡುವುದಿರಲಿ, ಸ್ಕೂಟರು ನೂಕುವುದಕ್ಕೂ ಬರುವುದಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು, ಎಡಕ್ಕೆ ತಿರುಗು ಎಂದರೆ ಈಗಲೂ ಊಟ ಮಾಡುವ ಕೈ ಯಾವುದೆಂದು ನೋಡಿಕೊಳ್ಳುತ್ತೇನೆ. ಆದರೆ ಅಭಿಪ್ರಾಯ ಇಟ್ಟುಕೊಳ್ಳುವುದಕ್ಕೆ ಲೈಸನ್ಸ್ ಬೇಕಿಲ್ಲವಲ್ಲ. ಮನೆಮಂದಿಯೆಲ್ಲ ಕೂರುವ ಸಾದಾ ಕಾರಿಗೆ ಪಟ್ಟೆ ಬಳಿದು, ಹಲಗೆ ಬಡಿದು, ಸ್ಪೋರ್ಟ್ಸ್ ಎಂದು ಹೆಸರಿಟ್ಟು ಮಾರುವ ಈ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಬಹಳ ಗಟ್ಟಿ. ಅದು ಬ್ಯಾಡಗಿಯಲ್ಲಿ, ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ, ನಮ್ಮ ಗೌರತ್ತಿಯಿಂದ ಬಂದದ್ದು.

ಗೌರತ್ತಿ ಅಪ್ಪನ ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಗ ಅಪ್ಪ ಇನ್ನೂ ಶಾಲೆಗೆ ಹೋಗುವ ಹುಡುಗ, ಸುಭಾಸ ಕಾಕಾ ಅಂಬೆಗಾಲಿಡುತ್ತಿದ್ದ ಕೂಸು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಇಬ್ಬರನ್ನೂ ಬೆಳೆಸಿದವಳು ಇವಳೇ. ಮುಂದೆ ಅಪ್ಪ ವಕೀಲನಾದ, ಮದುವೆಯಾದ, ನಾವು ಹುಟ್ಟಿದೆವು; ಗೌರತ್ತಿ ಮಾತ್ರ ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತ, ಮನೆಯನ್ನೆಲ್ಲ ಬಾಯಿಂದಲೇ ಆಳುತ್ತ ಇದ್ದಳು. ಆ ಬಾಯಿಗೆ ಹೆದರದವರು ನಮ್ಮ ಓಣಿಯಲ್ಲಿ ಇರಲಿಲ್ಲ. ಹಾಲು ಹಾಕುವವನು ನೀರು ಬೆರೆಸುವುದನ್ನು ಎದುರುಮನೆಯಿಂದ ಶುರುಮಾಡುತ್ತಿದ್ದ.

ಅಪ್ಪ ಯಾರಿಂದಲೋ ಒಂದು ಹಳೆಯ ಅಂಬಾಸಿಡರ್ ಕೊಂಡು ತಂದ. ಕೆನೆಬಣ್ಣದ್ದು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಆ ಗಾಡಿಯ ಮುಂದೆಯೂ ಹಿಂದಿನಂತೆಯೇ ಉದ್ದಕ್ಕೆ ಒಂದೇ ಸೀಟು, ಮನೆಯ ಕಟ್ಟೆಯ ಹಾಗೆ. ಗೇರು ನೆಲದ ಮೇಲೆ ಇರಲಿಲ್ಲ, ಸ್ಟೇರಿಂಗಿನ ಕೊರಳಿಗೇ ಇತ್ತು. ಹಾಗಾಗಿ ಮುಂದೆ ಮೂರು ಜನ ಆರಾಮವಾಗಿ, ನಾಲ್ಕು ಜನ ಪ್ರೀತಿಯಿಂದ ಕೂರಬಹುದಾಗಿತ್ತು. ಗಾಡಿ ಬಂದ ದಿನ ಅಪ್ಪ ಬಾಗಿಲು ತೆಗೆದು, “ಅಕ್ಕಾ, ಮುಂದ ನಡುವಿನ ಜಾಗಾ ನಿಂದು ನೋಡು” ಅಂದ. ಅಂದಿನಿಂದ ಅದು ಅವಳದೇ. ಅಪ್ಪನಿಗೆ ಗಾಡಿ ಬಿಡಲು ಕೊನೆಯವರೆಗೂ ಬರಲಿಲ್ಲ. ಬಿಡುತ್ತಿದ್ದವನು ಸುಭಾಸ ಕಾಕಾ. ಬಲಕ್ಕೆ ಕಾಕಾ, ಎಡಕ್ಕೆ ಕಿಟಕಿಯ ಹತ್ತಿರ ಅಪ್ಪ, ನಡುವೆ ಇಬ್ಬರಿಗಿಂತ ಒಂದು ಗೇಣು ಎತ್ತರ ಕಾಣುವಂತೆ ಗೌರತ್ತಿ. ರಸ್ತೆ ಅವಳಿಗೆ ಮೊದಲು ಕಾಣಬೇಕು. “ಎಮ್ಮಿ ಬಂತು, ಎಮ್ಮಿ” ಎಂದು ಅವಳು ಕೂಗುವವರೆಗೆ ಕಾಕಾ ಬ್ರೇಕು ಒತ್ತುತ್ತಿರಲಿಲ್ಲ.

ಕಾಕಾ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ. ಬದನೆ, ಟೊಮ್ಯಾಟೊ ಬೀಜದ ಪೊಟ್ಟಣಗಳ ನಡುವೆ ಅದು ಹೇಗೋ ಒಂದು ಬಣ್ಣದ ಪತ್ರಿಕೆ ಅವನ ಕೈಗೆ ಸಿಕ್ಕಿತು. ಅದರಲ್ಲಿ ಪರದೇಶದ ಕಾರುಗಳ ಚಿತ್ರ. ಅವೂ ನಾಲ್ಕು ಬಾಗಿಲಿನ ಸಂಸಾರಸ್ಥ ಕಾರುಗಳೇ, ಆದರೆ ಮೈಮೇಲೆ ಕೆಂಪು ಪಟ್ಟೆ, ಡಿಕ್ಕಿಯ ಮೇಲೆ ಹಲಗೆ, ಒಳಗೆ ಒಬ್ಬೊಬ್ಬರಿಗೆ ಒಂದೊಂದು ತೊಟ್ಟಿಲಿನಂಥ ಸೀಟು. ಒಂದು ತಿಂಗಳು ಆ ಪತ್ರಿಕೆ ಅವನ ತಲೆದಿಂಬಿನ ಕೆಳಗೆ ಇತ್ತು. ಒಂದು ದಿನ ಅಪ್ಪ ಕೋರ್ಟಿನ ಕಾಗದದಲ್ಲಿ ಮುಳುಗಿದ್ದಾಗ, “ಅಣ್ಣಾ, ಗಾಡಿಗೆ ಸ್ವಲ್ಪ ಕೆಲಸಾ ಮಾಡಸ್ಲಿ?” ಎಂದು ಕೇಳಿದ. ಅಪ್ಪ ತಲೆಯೆತ್ತದೆ “ಮಾಡ್ಸು” ಅಂದ. ಗೌರತ್ತಿಯನ್ನು ಯಾರೂ ಕೇಳಲಿಲ್ಲ.

ಹದಿನೈದು ದಿನ ಗಾಡಿ ಇರಲಿಲ್ಲ. ರಾಣೇಬೆನ್ನೂರಿನ ಗ್ಯಾರೇಜಿನಲ್ಲಿ ಗೇರು ಸ್ಟೇರಿಂಗಿನ ಕೊರಳಿನಿಂದ ನೆಲಕ್ಕೆ ಇಳಿಯಿತು. ಬ್ಯಾಡಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸೀಟು ಹೊಲಿಯುವ ಹುಸೇನಸಾಬರು ಎರಡು ಬಿಡಿ ಸೀಟು ಮಾಡಿಕೊಟ್ಟು, ಹಳೆಯ ಉದ್ದ ಸೀಟನ್ನು ತಮ್ಮ ಅಂಗಡಿಯ ಮುಂದೆ ಗಿರಾಕಿಗಳಿಗೆಂದು ಹಾಕಿಕೊಂಡರು. ಮೆಣಸಿನಕಾಯಿ ಅಡತಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎರಡು ಕೆಂಪು ಪಟ್ಟೆ ಎಳೆದು, ಹಿಂದೆ ಕನ್ನಡದಲ್ಲಿ ದಪ್ಪಗೆ ‘ಸ್ಪೋರ್ಟ್ಸ್’ ಎಂದು ಬರೆದ. ಕೈಗೆ ರೂಢಿಯಾಗಿಬಿಟ್ಟಿತ್ತೆಂದು ತೋರುತ್ತದೆ, ಕೆಳಗೊಂದು ಕೆಂಪು ಮೆಣಸಿನಕಾಯಿಯನ್ನೂ ಬಿಡಿಸಿದ್ದ. ಕಾಕಾ ಅಳಿಸಲು ಹೇಳಿದರೆ “ಇರ್ಲಿ ಬಿಡ್ರಿ ಸಾಹೇಬ್ರ, ಖಾರ ಕಾಣ್ತೈತಿ” ಅಂದನಂತೆ.

ಆ ಭಾನುವಾರ ಹಾವೇರಿ ಹತ್ತಿರದ ಅಗಡಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯಲ್ಲಿ ಊಟವಿತ್ತು. ಗೌರತ್ತಿ ಇಳಕಲ್ ಸೀರೆ ಉಟ್ಟು ಬಂದು, ಮೊದಲು ಹಿಂದಿನ ಹಲಗೆ ನೋಡಿದಳು.

“ಇದೇನಲೇ ಸುಭಾಸ, ಹಪ್ಪಳಾ ಒಣಗಸಾಕೇನು?”

“ಅಕ್ಕಾ, ಗಾಳಿ ಒತ್ತಿ ಹಿಡೀತೈತಿ. ಗಾಡಿ ಜೋರ್ ಹೋದ್ರ ಮ್ಯಾಲೆ ಹಾರಬಾರ್ದಲ್ಲ.”

“ಹಿಂಗ ಹಾರೂದಿದ್ರ ಮೋಟೆಬೆನ್ನೂರ ಏರಿಗೆ ನಾವ್ಯಾಕ ಇಳದು ನೂಕತಿದ್ವಿ?”

ಎಲ್ಲರೂ ನಕ್ಕೆವು. ಅವಳೂ ನಕ್ಕು, ಮುಂದಿನ ಬಾಗಿಲು ತೆಗೆದಳು. ತೆಗೆದು ನಿಂತೇಬಿಟ್ಟಳು. ಅವಳ ಜಾಗದಲ್ಲಿ ಒಂದು ಕಬ್ಬಿಣದ ಕೋಲು ನೆಟ್ಟಗೆ ನಿಂತಿತ್ತು. ಅದರ ಎರಡೂ ಕಡೆ ಎರಡು ಸೀಟು, ನಡುವೆ ನೆಲ ಕಾಣುತ್ತಿತ್ತು.

“ನೀ ಹಿಂದ ಕುಂದ್ರಕ್ಕಾ, ಆರಾಮ ಇರ್ತೈತಿ” ಅಂದ ಕಾಕಾ.

ಅವಳು ಬಾಗಿಲನ್ನು ಮೆಲ್ಲಗೆ ಹಾಕಿದಳು. ಜೋರಾಗಿ ಹಾಕಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. “ನೀವು ಮುಂದ ಹೋಗ್ರಿ, ನಾ ಬಸ್ಸಿಗೆ ಬರ್ತೇನಿ. ನನ್ನ ಜಾಗಾ ಬರೂತನಕಾ ಈ ಗಾಡಿ ಹತ್ತೂದಿಲ್ಲ” ಎಂದು ನಡೆದುಬಿಟ್ಟಳು. ಅಪ್ಪ ಕರೆದ, ಅಮ್ಮ ಕರೆದಳು, ಅವಳು ತಿರುಗಲಿಲ್ಲ. ಕಾಕಾ ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಗಾಡಿ ತೋರಿಸುತ್ತ, ಮೋಟೆಬೆನ್ನೂರಿನಲ್ಲಿ ಚಹಾ ಕುಡಿಸುತ್ತ ಹೊರಟ. ಹಾವೇರಿ ಇನ್ನೂ ದೂರವಿರುವಾಗ ಕೆಂಪು ಬಸ್ಸೊಂದು ಭರ್ರನೆ ನಮ್ಮನ್ನು ದಾಟಿತು. ಕಿಟಕಿಯಲ್ಲಿ ಗೌರತ್ತಿ. ನಮ್ಮತ್ತ ನೋಡಲೂ ಇಲ್ಲ. ನಾವು ಅಗಡಿ ಮುಟ್ಟುವಷ್ಟರಲ್ಲಿ ಅವಳು ಕೈಕಾಲು ತೊಳೆದುಕೊಂಡು ಬದನೆಕಾಯಿ ಹೆಚ್ಚುತ್ತಿದ್ದಳು.

ಅಲ್ಲಿಂದ ಮುಂದೆ ಮಧ್ಯಾಹ್ನ ಊಟವಾದ ಮೇಲೆ ಅವಳು ಮನೆಯಲ್ಲಿ ಕಾಣುತ್ತಿರಲಿಲ್ಲ. ಎಲ್ಲಿ ಹೋಗುತ್ತಾಳೆಂದು ಅಮ್ಮ ನನ್ನನ್ನು ಹಿಂದೆ ಕಳಿಸಿದಳು. ನೋಡಿದರೆ ಹುಸೇನಸಾಬರ ಅಂಗಡಿಯ ಮುಂದೆ, ಆ ಹಳೆಯ ಸೀಟಿನ ಸರಿಯಾಗಿ ನಟ್ಟನಡುವೆ, ರಸ್ತೆಗೆ ಮುಖ ಮಾಡಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ! ಗಿರಾಕಿಗಳು ಆಚೀಚೆ ಮುದುರಿಕೊಂಡು ಕೂತಿದ್ದಾರೆ. ಹುಸೇನಸಾಬರು ನನ್ನನ್ನು ಕಂಡು, “ಬಾರವಾ, ನಿಮ್ಮತ್ತಿ ಗಾಡಿ ಈಗರೆ ಹೊಂಟೈತಿ, ಹತ್ತು” ಎಂದರು. ಗೌರತ್ತಿ ಗಂಭೀರವಾಗಿ, “ಈ ಗಾಡಿ ಛಲೋ ಐತಿ ನೋಡು. ಕುಂಡಿ ಕುಲುಕೂದಿಲ್ಲ” ಅಂದಳು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಅಮ್ಮ ಬಿದ್ದು ಬಿದ್ದು ನಕ್ಕಳು. ಕಾಕಾ ಮಾತ್ರ ನಗಲಿಲ್ಲ, ಊಟ ಅರ್ಧಕ್ಕೆ ಬಿಟ್ಟು ಎದ್ದ.

ಊರವರಿಗೆ ಇನ್ನೊಂದು ತೊಡಕಾಗಿತ್ತು. ಸ್ಪೋರ್ಟ್ಸ್ ಎಂದರೆ ಆಗ ನಮ್ಮ ಕಡೆ ಒಂದೇ ಅರ್ಥ: ಶಾಲೆಯಲ್ಲಿ ಸುಣ್ಣದ ಗೆರೆ ಎಳೆದು ನಡೆಸುವ ಆಟೋಟ. “ಯಾವ ಆಟದ್ರಿ ಇದು?” ಎಂದು ಜನ ಕಾಕಾನನ್ನು ಕೇಳುತ್ತಿದ್ದರು. “ಕಬಡ್ಡೀದೋ, ವಾಲಿಬಾಲಿಂದೋ?” ಅವನು ವಿವರಿಸಿ ವಿವರಿಸಿ ಸುಸ್ತಾಗಿ, ಕೊನೆಗೆ “ಎಲ್ಲಾದ್ದೂ” ಎನ್ನತೊಡಗಿದ್ದ. ಅದೇ ತಪ್ಪಾಯಿತು.

ಒಂದು ಮುಂಜಾನೆ ಏಳಕ್ಕೆ ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಎಂಟು ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತರು. ಒಂಬತ್ತನೆಯವಳು ನಾನು, ಒಳಗೆ ಕ್ಯಾನ್ವಾಸ್ ಬೂಟಿನ ಲೇಸು ಕಟ್ಟುತ್ತಿದ್ದೆ. ಅವತ್ತು ಹಾವೇರಿಯಲ್ಲಿ ಖೋಖೋ ಪಂದ್ಯ. ಹತ್ತರೊಳಗೆ ಹೆಸರು ಬರೆಸದಿದ್ದರೆ ಆಟವಿಲ್ಲ. “ವಕೀಲಸಾಹೇಬ್ರ, ನಮ್ಮ ಟೆಂಪೋ ಕೈ ಕೊಟ್ಟೈತ್ರಿ. ದೇವರು ನೋಡ್ರಿ, ನೀವು ಸ್ಪೋರ್ಟ್ಸ್ ಗಾಡಿ ಇಟ್ಟೀರಿ. ನಮಗ ಅಂತನ ಬರಸಿದಂಗ ಐತಿ!” ಎಂದು ಮಾಸ್ತರರು ಕೈಮುಗಿದರು. ಅಪ್ಪ ಕಾಗದದಿಂದ ತಲೆಯೆತ್ತದೆ “ಒಯ್ರಿ” ಅಂದ.

ಲೆಕ್ಕ ಹಾಕಿದರೆ ಕಾಕಾ, ಮಾಸ್ತರರು, ಒಂಬತ್ತು ಹುಡುಗಿಯರು. ಹಿಂದೆ ಎಂಟು ಜನರನ್ನು ಎರಡು ಪದರ ಮಾಡಿ ತುಂಬಿದೆವು. ಮುಂದೆ ಎರಡೇ ತೊಟ್ಟಿಲು. ನನಗೆ ಜಾಗವಿಲ್ಲ. ನಾನು ಅಂಗಳದಲ್ಲಿ ನಿಂತು ಅಳತೊಡಗಿದೆ. ಹಳೆಯ ಸೀಟಿದ್ದಿದ್ದರೆ ಹಿಡಿಸುತ್ತಿತ್ತೆಂದು ಅಮ್ಮ ಅಂದಳು. ಕಾಕಾನ ಮುಖ ನೋಡುವಂತಿರಲಿಲ್ಲ. “ನಡೀರಿ, ಹುಸೇನಸಾಬ್ರ ಕಡೆ” ಎಂದ.

ನಾವು ಹೋಗುವಷ್ಟರಲ್ಲಿ ಗೌರತ್ತಿ ಹಿಂದಿನ ಓಣಿಯಿಂದ ಹೋಗಿ ಸೀಟಿನ ನಡುವೆ ಕೂತುಬಿಟ್ಟಿದ್ದಳು.

“ಅಕ್ಕಾ, ಏಳು. ಸೀಟು ಬೇಕಾಗೇತಿ.”

“ಸೀಟು ಒಯ್ಯಿ, ಬ್ಯಾಡ ಅನ್ನೂದಿಲ್ಲ. ನಾ ಏಳೂದಿಲ್ಲ.”

ಹುಡುಗಿಯರು ಕಿಸಿಕಿಸಿ ನಕ್ಕರು. ಮಾಸ್ತರರು ಗಡಿಯಾರ ನೋಡಿಕೊಂಡರು. ಕಾಕಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. “ತಪ್ಪಾತಕ್ಕಾ. ನಿನ್ನ ಸೀಟು ತಗೀಬಾರದಿತ್ತು.”

“ಸೀಟಿಗಲ್ಲೋ ಸುಭಾಸ” ಅಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದು ನಾನು ಅದೇ ಮೊದಲು ಕೇಳಿದ್ದು. “ಆ ಮನ್ಯಾಗ ನನಗಂತ ಒಂದ ಖೋಲಿ ಐತೇನು? ಒಂದ ಕಪಾಟ ಐತೇನು? ನಾ ಯಾವತ್ತೂ ಕೇಳಿಲ್ಲ. ಗಾಡಿ ತಂದ ದಿನಾ ನಿಮ್ಮಣ್ಣ ತಾನಾಗೇ ಕರದು, ಈ ಜಾಗಾ ನಿಂದು ಅಂದಾ. ಅಷ್ಟ ನನ್ನ ಆಸ್ತಿ. ತಗಿಯೂಕಿಂತ ಮೊದಲ ಒಂದ ಮಾತು ಕೇಳಿದ್ರ ನಾನ ಎದ್ದು ಕೊಡತಿದ್ದೆ.”

ಕಾಕಾ ಅವಳ ಮೊಣಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟ. ಮೀಸೆ ಬಂದ ಗಂಡಸು ಬಸ್‌ಸ್ಟ್ಯಾಂಡಿನ ಎದುರಿಗೆ ಅಳುವುದು ನೋಡಿ ನಮ್ಮ ಹುಡುಗಿಯರ ನಗು ನಿಂತಿತು. “ಈಗ ಕೇಳತೇನಿ. ಬರ್ತಿ ಏನು?” ಎಂದ. ಅವಳು ಸೆರಗಿನಿಂದ ಅವನ ಮುಖ ಒರೆಸಿ, “ಕೇಳಿದ ಮ್ಯಾಲೆ ಬರದೇ ಏನು ಮಾಡ್ಲಿ? ಲಗೂ ಮಾಡ್ರಿ, ಹುಡುಗ್ಯಾರಿಗೆ ಹೊತ್ತಾತು” ಅಂದಳು.

ಹುಸೇನಸಾಬರು ತೊಟ್ಟಿಲುಗಳನ್ನು ಬಿಚ್ಚಿ ಉದ್ದ ಸೀಟು ಕೂರಿಸಿದರು. ಆದರೆ ಗೇರಿನ ಕೋಲು ಅಡ್ಡ ಬಂತು. ಅವರು ಒಂದು ಗಳಿಗೆ ಗಡ್ಡ ಕೆರೆದುಕೊಂಡು, ಸೀಟಿನ ಮುಂದಿನ ಅಂಚಿನಲ್ಲಿ ಅರ್ಧಚಂದ್ರದಷ್ಟು ಕತ್ತರಿಸಿ ಕೋಲಿಗೆ ದಾರಿ ಮಾಡಿದರು. ಅದು ಗೌರತ್ತಿಯ ಎರಡು ಮೊಣಕಾಲಿನ ನಡುವೆಯೇ ಬಂತು. ಕಾಕಾನ ಕೈ ನಿರಿಗೆ ದಾಟಿ ಹೋಗುವ ಹಾಗಿರಲಿಲ್ಲ.

“ಈಗ ಗೇರ್ ಹಾಕೂದು ಹೆಂಗ?” ಅಂದ.

“ನೀ ಹೇಳು, ನಾ ಹಾಕತೇನಿ” ಅಂದಳು.

ಹಾಗೆ ಹೊರಟೆವು. ಕಾಕಾ, ಗೌರತ್ತಿ, ನಾನು, ಅರ್ಧ ಕಿಟಕಿಯ ಹೊರಗಿದ್ದ ಮಾಸ್ತರರು. ಕಾಕಾ ಕ್ಲಚ್ಚು ಒತ್ತಿ “ಒಂದು” ಎಂದರೆ ಇವಳು ಎರಡೂ ಕೈಯಿಂದ ಮೇಲಕ್ಕೆ ದೂಡುತ್ತಿದ್ದಳು. “ಎರಡು” ಎಂದರೆ ತನ್ನ ಕಡೆ ಎಳೆಯುತ್ತಿದ್ದಳು, ಮಜ್ಜಿಗೆ ಕಡೆಯುವವಳ ಹಾಗೆ. ಮೊದಲು ಎರಡು ಸಲ ಗಾಡಿ ಕರಕರ ಎಂದು ಬೈದಿತು. ಊರು ದಾಟುವಷ್ಟರಲ್ಲಿ ಅವಳಿಗೆ ಕೈ ಕುದುರಿತು. ಮೋಟೆಬೆನ್ನೂರಿನ ಆಚೆ ಹೆದ್ದಾರಿಯಲ್ಲಿ ಮುಂದೆ ಕೆಂಪು ಬಸ್ಸು ಕಂಡಿತು. ಕಾಕಾ ಹಿಂದಿಂದೆಯೇ ಹೋಗುತ್ತಿದ್ದ.

“ಎಷ್ಟೊತ್ತು ಮೂರನೇದರಾಗ ಎಳೀತಿ? ಕ್ಲಚ್ಚು ಒತ್ತಲೇ” ಎಂದು ಗದರಿ, ಅವನು ಹೇಳುವ ಮೊದಲೇ ನಾಲ್ಕಕ್ಕೆ ಹಾಕಿದಳು. “ಹೊಡಿ!”

ಗಾಡಿ ನಡುಗಿತು, ಹಿಂದಿನ ಹಲಗೆ ಗಡಗಡ ಅಂದಿತು, ಎಂಟು ಹುಡುಗಿಯರು “ಖೋ!” ಎಂದು ಒಟ್ಟಿಗೆ ಕಿರುಚಿದರು. ನಾವು ಬಸ್ಸನ್ನು ದಾಟಿದೆವು. ಗೌರತ್ತಿ ಬಸ್ಸಿನ ಕಿಟಕಿಗಳತ್ತ ನೋಡಿ, ಮೇಲೆ ಕೂತಿದ್ದ ಗುರುತಿಲ್ಲದ ಜನರಿಗೆಲ್ಲ ಕೈ ಬೀಸಿದಳು.

ಹತ್ತಕ್ಕೆ ಐದು ನಿಮಿಷ ಇರುವಾಗ ಹೆಸರು ಬರೆಸಿದೆವು. ಎರಡನೆಯ ಆಟದಲ್ಲಿ ಸೋತೆವು, ನಾನೇ ಮೊದಲು ಔಟಾದದ್ದು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಆ ಗಾಡಿ ಮಾರುವವರೆಗೂ ಅರ್ಧಚಂದ್ರದ ಸೀಟು ಹಾಗೇ ಇತ್ತು, ಗೇರು ಗೌರತ್ತಿಯದೇ ಆಗಿತ್ತು. ಅವಳಿಲ್ಲದ ದಿನ ಕಾಕಾ ಬಾಯಲ್ಲಿ “ಎರಡು” ಎಂದುಕೊಂಡು ತಾನೇ ಹಾಕುತ್ತಿದ್ದ.

ಇದನ್ನೆಲ್ಲ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನೆನೆಯುತ್ತಿದ್ದೆ. ಹಲಗೆ, ಬೆಳ್ಳಿ ಅಕ್ಷರ, ಕೆಂಪು ಹೊಲಿಗೆ ಎಲ್ಲಕ್ಕೂ ಒಂದೊಂದು ಕೊಂಕು ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಅಷ್ಟರಲ್ಲಿ ವಿನಯ, “ಅತ್ತಿ, ನಿನಗ ಎಲ್ಲಿ ಛಲೋ ಅನಸ್ತೈತಿ, ಮುಂದೋ ಹಿಂದೋ? ನೀ ಕುಂತ ಮ್ಯಾಲೆ ಉಳಿದವರು ಕುಂದ್ರತಾರ” ಅಂದ.

ಕೇಳಿದ, ನೋಡಿ. ನನ್ನ ಕೊಂಕೆಲ್ಲ ಎಲ್ಲಿ ಹೋಯಿತೋ. ಮುಂದೆ ಹತ್ತಿ ಕೂತೆ. ಪಕ್ಕದಲ್ಲೇ ಗೇರು ನಿಂತಿತ್ತು.

“ನೀ ಕ್ಲಚ್ಚು ಒತ್ತು. ಇದನ್ನ ನಾ ಹಾಕತೇನಿ” ಅಂದೆ.

“ನಿನಗ ಬರ್ತೈತೇನತ್ತಿ?”

“ನಮ್ಮ ಮನಿ ಹೆಣ್ಣಮಕ್ಕಳಿಗೆ ನಾಲ್ಕೂ ಬರ್ತಾವು.”

“ಇದರಾಗ ಆರು ಅದಾವು.”

“ಹಂಗಾರ ಉಳಿದ ಎರಡು ನೀ ಕಲಸು” ಎಂದು ನಿರಿಗೆ ಸರಿಮಾಡಿಕೊಂಡು, ಎರಡೂ ಕೈಯಿಂದ ಹಿಡಿದೆ.